ಮುಂದಿನ ಸ್ಟಾಪ್ ಫುಟಾಳಾ

ನಲವತ್ಮೂರು ವರ್ಷದವರೆಗೆ ನಾನು ಓಡಿದ್ದು ಬಸ್ಸು ಹಿಡಿಯಲು ಮಾತ್ರ. ಅಪ್ಪ ಸಾರಿಗೆ ಸಂಸ್ಥೆಯಲ್ಲಿ ಕಂಡಕ್ಟರ್ ಆಗಿದ್ದರಿಂದ ಗದಗಿನಲ್ಲಿ ಅದರ ಅಗತ್ಯವೂ ಅಷ್ಟಾಗಿ ಬೀಳಲಿಲ್ಲ, ಬಸ್ಸುಗಳೇ ಅರ್ಧ ನಿಮಿಷ ಕಾಯುತ್ತಿದ್ದವು. ಶಾಲೆಯಲ್ಲಂತೂ ಓಟ ಅಂದರೆ ಶಿಕ್ಷೆ. ಲೆಕ್ಕ ತಪ್ಪಾದರೆ ಮೈದಾನಕ್ಕೆ ಐದು ಸುತ್ತು. ಲೆಕ್ಕ ನನಗೆ ಆಗಾಗ ತಪ್ಪುತ್ತಿತ್ತು.

ಮೂರು ವರ್ಷದ ಹಿಂದೆ ನಾಗಪುರಕ್ಕೆ ವರ್ಗವಾಯಿತು. ಮಗಳ ಹೈಸ್ಕೂಲು ನಡುವೆ ಇದ್ದುದರಿಂದ ಅವಳೂ ಹೆಂಡತಿಯೂ ಹುಬ್ಬಳ್ಳಿಯಲ್ಲೇ ಉಳಿದರು. ನಾನು ಧರಂಪೇಠದಲ್ಲಿ ಒಂದು ಕೋಣೆ ಹಿಡಿದೆ. ಆಫೀಸಿನಲ್ಲಿ ಹಿಂದಿ, ಮನೆ ಮಾಲೀಕರ ಜೊತೆ ಮುರುಕು ಮರಾಠಿ, ರಾತ್ರಿ ಹತ್ತು ನಿಮಿಷ ಫೋನಿನಲ್ಲಿ ಕನ್ನಡ. ಉಳಿದ ಹೊತ್ತು ಸಾವಜಿ ಊಟ ಮತ್ತು ಟಿವಿ. ಆರು ತಿಂಗಳಲ್ಲಿ ಬೆಲ್ಟಿಗೆ ಹೊಸ ತೂತು ಹಾಕಿಸಬೇಕಾಯಿತು.

ಆಮೇಲೆ ಒಂದು ರಕ್ತಪರೀಕ್ಷೆ. ಮೂರು ತಿಂಗಳ ಸರಾಸರಿ ಸಕ್ಕರೆ ಹೇಳುವ ಎಚ್‌ಬಿಎ1ಸಿ 6.2 ಬಂತು. 5.7ರಿಂದ 6.4ರವರೆಗೆ ಸಕ್ಕರೆ ಕಾಯಿಲೆಯ ಹೊಸ್ತಿಲು ಅಂತ ಲೆಕ್ಕ. ಡಾಕ್ಟರು ಗಾಬರಿಯಾಗುವುದು ಬೇಡ ಅಂದರು. ಆದರೆ ನನ್ನ ಕಣ್ಣ ಮುಂದೆ ಬಂದದ್ದು ಅಪ್ಪನ ಎಡಗಾಲು. ಇಪ್ಪತ್ತು ವರ್ಷದ ಸಕ್ಕರೆ ಕಾಯಿಲೆ, ಹಿಂದಿನ ವರ್ಷವಷ್ಟೇ ಎರಡು ಬೆರಳು ತೆಗೆಸಿದ್ದೆವು. ಮೂವತ್ತೊಂದು ವರ್ಷ ಓಡುವ ಬಸ್ಸಿನಲ್ಲಿ ನಿಂತೇ ಚೀಟಿ ಹರಿದ ಮನುಷ್ಯ, ಆಮೇಲೆ ಮನೆಯ ಕಟ್ಟೆ ಇಳಿಯುವುದನ್ನೇ ಬಿಟ್ಟಿದ್ದ.

ಮರುದಿನವೇ ಬೂಟು ಕೊಂಡೆ. ಲಾ ಕಾಲೇಜ್ ಚೌಕದಿಂದ ಅಮರಾವತಿ ರಸ್ತೆಯಲ್ಲಿ ಯಾರೋ ಬೆನ್ನಟ್ಟಿದಂತೆ ಹೊರಟೆ. ಮೂರು ನಿಮಿಷಕ್ಕೆ ಲೈಟ್ ಕಂಬ ಹಿಡಿದು ನಿಂತೆ. ಹೀಗೇ ಮೂರು ವಾರ. ಮೊಳಕಾಲಿನ ಕೆಳಗಿನ ಎಲುಬು ಮುಟ್ಟಿದರೆ ಸಾಕು, ಜೀವ ಹೋಗುವಂತಾಯಿತು. ಬೂಟು ಮಂಚದ ಕೆಳಗೆ ಸೇರಿತು.

ಅದನ್ನು ಹೊರತೆಗೆಸಿದವರು ಒಬ್ಬ ಹಿರಿಯರು. ಒಂದು ಭಾನುವಾರ ತರ್ರಿ ಪೋಹಾ ತಿನ್ನಲು ಹೋಗಿದ್ದೆ. ಅವಲಕ್ಕಿಯ ಮೇಲೆ ಕಡಲೆಕಾಳಿನ ಉರಿಯುವ ಖಾರದ ರಸ ಸುರಿದು ಕೊಡುತ್ತಾರಲ್ಲ, ಅದು. ಪಕ್ಕದಲ್ಲಿ ಬೆವರಿಳಿಸುತ್ತ ತಿನ್ನುತ್ತಿದ್ದವರು ಅರವತ್ತೈದು ದಾಟಿದವರು, ಎಂಟು ಕಿಲೋಮೀಟರ್ ಓಡಿ ಬಂದಿದ್ದರು. ನನ್ನ ಕಥೆ ಕೇಳಿ ಒಂದೇ ಪ್ರಶ್ನೆ ಹಾಕಿದರು: "ಭಾವೂ, ದೌಡ್ತೆ ದೌಡ್ತೆ ಬಾತ್ ಕರ್ ಸಕ್ತೇ ಕ್ಯಾ?" ಓಡುತ್ತ ಮಾತಾಡಲು ಆಗುತ್ತದೆಯೇ ಅಂತ. ಆಗದಿದ್ದರೆ ಅದು ನಿನ್ನ ವೇಗ ಅಲ್ಲ, ಇಳಿಸು. ಒಂದು ನಿಮಿಷ ಓಡು, ಎರಡು ನಿಮಿಷ ನಡೆ. ನಡೆಯಲು ನಾಚಿಕೆ ಪಡಬೇಡ. ಉಸಿರು ಕೆಲವೇ ವಾರಗಳಲ್ಲಿ ಪಳಗುತ್ತದೆ, ಎಲುಬು ಮತ್ತು ಸ್ನಾಯುರಜ್ಜುಗಳಿಗೆ ತಿಂಗಳುಗಟ್ಟಲೆ ಬೇಕು. ಹೊಸಬರಿಗೆ ಪೆಟ್ಟಾಗುವುದು ಆ ನಡುವಿನ ಹೊತ್ತಿನಲ್ಲೇ. ಇಷ್ಟು ಹೇಳಿ ಅವರು ಇನ್ನೊಂದು ಪ್ಲೇಟ್ ಪೋಹಾ ಹೇಳಿದರು.

ಮಾತಾಡುತ್ತ ಓಡಬೇಕು ಸರಿ, ಯಾರ ಜೊತೆ? ಬೆಳಗಿನ ಐದೂವರೆಗೆ ನನ್ನ ಫೋನು ಎತ್ತುವ ಮನುಷ್ಯ ಭೂಮಿಯ ಮೇಲೆ ಒಬ್ಬನೇ ಇದ್ದ. ಫಸ್ಟ್ ಬಸ್ಸಿನ ಡ್ಯೂಟಿಯ ರೂಢಿಯಿಂದ ಅಪ್ಪ ಇವತ್ತಿಗೂ ನಾಲ್ಕೂವರೆಗೆ ಏಳುತ್ತಾನೆ. ಆದರೆ ನಮ್ಮಿಬ್ಬರ ಮಾತು ಎಂದೂ ಅರ್ಧ ನಿಮಿಷ ದಾಟಿದ್ದಿಲ್ಲ. "ಊಟ ಆತೇನು?" "ಆತು." "ಅವ್ವಗ ಕೊಡ್ಲೇನು?" "ಕೊಡು." ಅಷ್ಟೇ.

ಒಂದು ಕಿವಿಗೆ ಮಾತ್ರ ಇಯರ್‌ಫೋನ್ ಹಾಕಿ (ಇನ್ನೊಂದು ಕಿವಿ ಲಾರಿಗಳಿಗೆ ಬೇಕು) ಡಯಲ್ ಮಾಡಿದೆ.

"ಯಾಕಲೇ, ಧಮ್ಮ ಹತ್ತೇತಿ? ಆರಾಮ ಅದೀ ಇಲ್ಲೋ?"

"ಓಡಾಕತ್ತೀನಿ ಅಪ್ಪಾ."

"ಯಾರ ಬೆನ್ನ ಹತ್ಯಾರ?"

ಯಾರೂ ಇಲ್ಲ, ಆರೋಗ್ಯಕ್ಕೆ ಅಂದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಕೇಳಿದ, "ಈಗ ಯಾವ ಸ್ಟಾಪು?"

"ರವಿನಗರ ಚೌಕ."

"ಮುಂದ?"

"ಮುಂದ ಫುಟಾಳಾ. ಕೆರಿ ಐತಿ."

ಒಂದು ತಿಂಗಳಲ್ಲಿ ನಾಗಪುರವನ್ನೇ ನೋಡದ ಅಪ್ಪನಿಗೆ ನನ್ನ ರೂಟು ಬಾಯಿಪಾಠವಾಯಿತು. ಭೋಸಲೆ ಅರಸರ ಕಾಲದ ಫುಟಾಳಾ ಕೆರೆ, ಅಲ್ಲಿಂದ ಸೆಮಿನರಿ ಹಿಲ್ಸ್ ಏರು. ಸೇಂಟ್ ಚಾರ್ಲ್ಸ್ ಸೆಮಿನರಿಯಿಂದ ಆ ಗುಡ್ಡಕ್ಕೆ ಆ ಹೆಸರು ಬಂತು ಅಂತ ಹೇಳಿದರೆ, "ಪಾದ್ರಿಗೋಳ ಸ್ಟಾಪ್ ಅನ್ನು" ಅಂದ. ಯಾವ ಸ್ಟಾಪಿಗೆ ಎಷ್ಟು ನಿಮಿಷ ಅನ್ನುವುದು ಕ್ಯಾಲೆಂಡರಿನ ಹಿಂದೆ ಬರೆದಿಡಲು ಶುರುವಾಯಿತು. ನಾನು ಗಡಿಯಾರ ನೋಡುವುದು ಬಿಟ್ಟೆ, ಅದರ ಗರಜು ಇರಲಿಲ್ಲ.

ಯಾವ ದಿನ ಓಟ ಇಷ್ಟವಾಯಿತು ಅಂತ ಕೇಳಿದರೆ ಹೇಳಲು ಬರುವುದಿಲ್ಲ. ಓಡಿದರೆ ನಶೆ ಏರುತ್ತದೆ ಅನ್ನುತ್ತಾರೆ. ಅದಕ್ಕೆ ಎಂಡಾರ್ಫಿನ್ ಕಾರಣ ಅಂತ ಹಳೆಯ ನಂಬಿಕೆ, ಎಂಡೋಕ್ಯಾನಬಿನಾಯ್ಡ್ ಎಂಬ ಇನ್ನೊಂದು ರಾಸಾಯನಿಕದ ಕೆಲಸ ಅಂತ ಈಚಿನ ಸಂಶೋಧನೆ. ನನಗೆ ಯಾವ ನಶೆಯೂ ಏರಲಿಲ್ಲ. ಮಳೆ ಬಂದು ಹೋಗದ ದಿನ ಏನೋ ಕಳಕೊಂಡಂತೆ ಅನ್ನಿಸಿತು, ಅಷ್ಟೇ. ಸಕ್ಕರೆಯ ಲೆಕ್ಕ ಮಾತ್ರ ಸರಳ. ಓಡುವಾಗ ಸ್ನಾಯುಗಳು ಇನ್ಸುಲಿನ್ನಿನ ಅಪ್ಪಣೆಗೆ ಕಾಯದೆ ರಕ್ತದ ಸಕ್ಕರೆಯನ್ನು ಎಳೆದುಕೊಳ್ಳುತ್ತವೆ. ನಿಂತ ಮೇಲೂ ಹಲವು ತಾಸು ಅದರ ಪರಿಣಾಮ ಇರುತ್ತದೆ. ವರ್ಷದ ನಂತರ ನನ್ನದು 5.8ಕ್ಕೆ ಬಂತು. ಹೊಸ್ತಿಲು ಇನ್ನೂ ಪೂರ್ತಿ ದಾಟಿಲ್ಲ.

ನಾಗಪುರದ ಬೇಸಿಗೆ ಬೇರೆ. ಚಳಿಗಾಲದಲ್ಲಿ ಕೆಲವು ದಿನ 10 ಡಿಗ್ರಿಗಿಂತ ಕೆಳಗಿಳಿಯುವ ಊರು ಮೇ ತಿಂಗಳಲ್ಲಿ 45 ದಾಟುತ್ತದೆ. ಸೂರ್ಯ ರೋಹಿಣಿ ನಕ್ಷತ್ರಕ್ಕೆ ಬಂದ ಮೊದಲ ಒಂಬತ್ತು ದಿನಕ್ಕೆ ಇಲ್ಲಿ ನೌತಪಾ ಅನ್ನುತ್ತಾರೆ, ಕಡು ಬಿಸಿಲಿನ ದಿನಗಳು. ಅದೇ ರೋಹಿಣಿ ನಮ್ಮಲ್ಲಿ ಮಳೆಯ ಹೆಸರು, ಹೆಸರುಕಾಳು ಬಿತ್ತುವ ಹದ. ನಾನು ಬೆಳಗಾಗುವ ಮೊದಲೇ ಬೆವರಿನಲ್ಲಿ ತೊಯ್ದು "ಬೆಂಕಿ ಅಪ್ಪಾ" ಅಂದರೆ, ಆ ಕಡೆಯಿಂದ "ಇಲ್ಲಿ ರಾತ್ರಿ ಚೊಲೊ ಮಳಿ ಆತು" ಅಂತ ಬರುತ್ತಿತ್ತು. ಇಲ್ಲಿ ಬೆಳಕು ಹರಿಯುವುದೂ ಗದಗಿಗಿಂತ ಸುಮಾರು ಅರ್ಧ ತಾಸು ಮೊದಲು. ಕತ್ತಲಲ್ಲಿ ಕೂತ ಅಪ್ಪನಿಗೆ ನಾನು ಸೂರ್ಯ ಹುಟ್ಟಿದ ಸುದ್ದಿ ಕೊಡುತ್ತಿದ್ದೆ.

ಒಮ್ಮೆ ಬೆಳಗಾವಿಯ ಫಡೆಪ್ಪ ಚೌಗುಲೆ ಅವರ ಕಥೆ ಹೇಳಿದೆ. 1919ರಲ್ಲಿ ಪುಣೆಯ ಡೆಕ್ಕನ್ ಜಿಮಖಾನಾದಲ್ಲಿ ಬರಿಗಾಲಲ್ಲಿ ಓಡುವ ರೈತರ ಮಕ್ಕಳನ್ನು ನೋಡಿ ದೊರಾಬ್ಜಿ ಟಾಟಾ ಬೆರಗಾದರಂತೆ. ಮರುವರ್ಷ ಆಂಟ್‌ವರ್ಪ್ ಒಲಿಂಪಿಕ್ಸಿಗೆ ಹೋದ ತಂಡದಲ್ಲಿ ಫಡೆಪ್ಪನವರಿದ್ದರು. ಆ ವರ್ಷದ ಮ್ಯಾರಥಾನ್ 42.75 ಕಿಲೋಮೀಟರ್, ಇವತ್ತಿನದಕ್ಕಿಂತ ಅರ್ಧ ಕಿಲೋಮೀಟರಿಗೂ ಹೆಚ್ಚು. ಅವರು 2 ಗಂಟೆ 50 ನಿಮಿಷ ಚಿಲ್ಲರೆಯಲ್ಲಿ ಮುಗಿಸಿ 19ನೆಯವರಾದರು. ಅಪ್ಪ ಮನಸ್ಸಿನಲ್ಲೇ ಲೆಕ್ಕ ಹಾಕಿ, "ಅಂದ್ರ ತಾಸಿಗೆ ಹದಿನೈದು. ನಮ್ಮ ಹಳ್ಳಿ ಬಸ್ಸೂ ಕೆಲವು ಕಡೆ ಅಷ್ಟ ಹೋಗ್ತಿತ್ತು" ಅಂದ.

ಸೆಮಿನರಿ ಏರಿನಲ್ಲಿ ನನಗೆ ಮಾತು ಬರುವುದಿಲ್ಲ. ಅಲ್ಲಿ ಅಪ್ಪನ ಪಾಳಿ. ಸಾಮಾನ್ಯವಾಗಿ ಊರ ಸುದ್ದಿ ಇರುತ್ತದೆ. ಒಂದು ದಿನ ಇದ್ದಕ್ಕಿದ್ದಂತೆ ಕಾಲಿನ ವಿಷಯ ತೆಗೆದ. ಹೊಸ ಚಪ್ಪಲಿ ಕಚ್ಚಿ ಹುಣ್ಣಾಗಿದ್ದನ್ನು ಹದಿನೈದು ದಿನ ಯಾರಿಗೂ ಹೇಳಿರಲಿಲ್ಲ. ಅದಕ್ಕೆ ನಾನು ಆಸ್ಪತ್ರೆಯಲ್ಲಿ, ಎಲ್ಲರ ಎದುರು, ಕೂಗಾಡಿದ್ದೆ. ಅಮೇಲೆ ಇಬ್ಬರೂ ಆ ಮಾತೆತ್ತಿರಲಿಲ್ಲ.

"ಮುಚ್ಚಿಟ್ಟಿದ್ದಿಲ್ಲಪಾ. ನೋವ ಆಗ್ಲಿಲ್ಲ. ನೋವ ಇಲ್ಲದ್ದನ್ನ ಏನಂತ ಹೇಳ್ಲಿ?"

ಸಕ್ಕರೆ ಕಾಯಿಲೆ ಕಾಲಿನ ನರಗಳನ್ನೇ ಮಂಕು ಮಾಡುತ್ತದೆ. ಗಾಯ ಆಗಿದ್ದೇ ಗೊತ್ತಾಗುವುದಿಲ್ಲ, ಅದಕ್ಕೇ ದಿನಾ ಪಾದ ನೋಡಿಕೊಳ್ಳಿ ಅನ್ನುತ್ತಾರೆ. ಇದನ್ನು ನಾನು ಓದಿದ್ದೆ. ಅಪ್ಪನಿಗೆ ಜೋಡಿಸಿ ನೋಡಿರಲಿಲ್ಲ. ಆವತ್ತು ಏರಿನ ಅರ್ಧಕ್ಕೇ ನಿಂತುಬಿಟ್ಟೆ. "ತಪ್ಪಾತು ಅಪ್ಪಾ" ಅಂದೆ. "ಇರ್ಲಿ ಬಿಡು, ಗಾಡಿ ಯಾಕ ನಿಂದರಿಸಿದಿ?" ಅಂದ.

ಈಗ ಆಫೀಸಿನವರು ಹಾಫ್ ಮ್ಯಾರಥಾನಿಗೆ ಹೆಸರು ಕೊಡಿ ಅನ್ನುತ್ತಿದ್ದಾರೆ. ಕೊಟ್ಟಿಲ್ಲ. ಅಷ್ಟು ಜನರ ಗದ್ದಲದಲ್ಲಿ ಫೋನು ಕೇಳಿಸುವುದಿಲ್ಲ. ವಾರಕ್ಕೆ ನಾಲ್ಕು ದಿನ, ಆರು ಕಿಲೋಮೀಟರ್, ನಲವತ್ತೆಂಟು ನಿಮಿಷ. ವೇಗ ಹೆಚ್ಚಿಸುವ ಆಸೆ ಒಮ್ಮೊಮ್ಮೆ ಬರುತ್ತದೆ, ಆದರೆ ಆಗ ಮಾತು ನಿಲ್ಲಿಸಬೇಕು.

ಹೋದ ವಾರ ರಾತ್ರಿಯಿಡೀ ಮಳೆ. ಅಲಾರಾಂ ಆರಿಸಿ ಮಗ್ಗುಲಾಗಿದ್ದೆ. ಐದೂ ನಲವತ್ತಕ್ಕೆ ಫೋನು ಬಡಿದುಕೊಂಡಿತು.

"ಯಾಕಲೇ, ಗಾಡಿ ಇನ್ನೂ ಬಿಟ್ಟಿಲ್ಲೇನು?"