ಕಡಿದ ಹುರಿ, ಬೆಸೆದ ಕೈ

ಬಾಗಳಿಯ ಕಲ್ಲೇಶ್ವರ ದೇವಾಲಯದ ಮಂಟಪದಲ್ಲಿ ನಿಂತವರಿಗೆ ಮೊದಲು ಕಾಣುವುದು ಕಂಬಗಳ ನುಣುಪು. ಆ ನುಣುಪನ್ನು ತಂದ ತೋಳುಗಳ ನೆನಪು ಆಮೇಲೆ. ಸಾವಿರ ವರ್ಷಗಳ ಹಿಂದೆ ಉಳಿಯ ಮೇಲೆ ಸುತ್ತಿಗೆಯಾಡಿಸಿದ ಆ ಶಿಲ್ಪಿಗಳ ಮೊಣಕೈ ಎಷ್ಟು ಲಕ್ಷ ಸಲ ಮಡಿಸಿ ಚಾಚಿತೋ! ಕೈಯ ಕುಶಲತೆಯನ್ನು ಹೊಗಳುವ ನಾವು ಮೊಣಕೈಯನ್ನು ನೆನೆಯುವುದು ಅದು ಕೆಟ್ಟಾಗ ಮಾತ್ರ.

ಎರಡು ವರ್ಷಗಳ ಹಿಂದೆ ಅದೇ ಮಂಟಪದಲ್ಲಿ ಪರಿಚಿತರಾದ ರೈತರೊಬ್ಬರು ಜೊತೆಗೆ ಕುಳಿತರು. ಸುಗ್ಗಿಯಲ್ಲಿ ಜಾರಿದ ಜೋಳದ ಚೀಲವನ್ನು ಬಾಗಿದ ತೋಳಿನಿಂದ ತಡೆಯಹೋದಾಗ ಮೊಣಕೈಯ ಮುಂಭಾಗದಲ್ಲಿ ಏನೋ ಫಟ್ಟೆಂದಿತಂತೆ. ಉಳುಕೆಂದು ಬಗೆದು ಎಣ್ಣೆ ನೀವಿಸಿಕೊಂಡು ಎರಡು ತಿಂಗಳು ಕಳೆದಿದ್ದರು. ನೋವು ಇಳಿದಿತ್ತು, ಬಲ ಮರಳಿರಲಿಲ್ಲ. “ಕೈ ಐತ್ರಿ ಮೇಷ್ಟ್ರೆ, ಕೀಲಿ ತಿರುವಾಕ ಬರಂಗಿಲ್ಲ” ಎಂದರು.

ಆ ಒಂದು ಮಾತಿನಲ್ಲಿ ಪೆಟ್ಟಿನ ಲಕ್ಷಣವೆಲ್ಲ ಅಡಗಿದೆ. ಸ್ನಾಯುವನ್ನು ಎಲುಬಿಗೆ ಬಿಗಿದಿರುವ ಹುರಿಯೇ ಸ್ನಾಯುರಜ್ಜು. ತೋಳಿನ ಮುಂಭಾಗದ ದೊಡ್ಡ ಸ್ನಾಯುವಿನ ಹುರಿ ಮೊಣಕೈಯನ್ನು ದಾಟಿ ಮುಂಗೈಯ ಎಲುಬಿಗೆ ಅಂಟಿದೆ. ಕೈ ಮಡಿಸಲು ಬೇರೆ ಸ್ನಾಯುಗಳ ನೆರವುಂಟು. ಅಂಗೈಯನ್ನು ಮೇಲ್ಮುಖವಾಗಿ ಹೊರಳಿಸುವ ಮುಖ್ಯ ಬಲ ಇದರದೇ. ಆದುದರಿಂದ ಈ ಹುರಿ ಕಡಿದವನು ತುತ್ತನ್ನು ಬಾಯಿಗೆ ತಂದಾನು. ಬಿಗಿಯಾದ ಬೀಗವನ್ನು ತೆಗೆಯಲಾರ.

ಕಡಿದ ಹುರಿಯನ್ನು ಸ್ನಾಯು ಮೇಲಕ್ಕೆ ಸೆಳೆದುಕೊಳ್ಳುತ್ತದೆ. ಎರಡು ಮೂರು ವಾರಗಳೊಳಗೆ ಶಸ್ತ್ರವೈದ್ಯರನ್ನು ಕಂಡರೆ ಅದನ್ನು ಕೆಳಗಿಳಿಸಿ, ಎಲುಬಿನಲ್ಲಿ ರಂಧ್ರ ಕೊರೆದು, ಗಟ್ಟಿ ನೂಲಿನಿಂದ ಮೂಲಸ್ಥಾನಕ್ಕೆ ಬಿಗಿಯುವುದು ಸುಲಭ. ತಡವಾದರೆ ಹುರಿ ಕುಗ್ಗಿ, ಸುತ್ತಲಿನ ಮಾಂಸಕ್ಕೆ ಕಚ್ಚಿಕೊಳ್ಳುತ್ತದೆ. ಹಾಗೆಂದು ಮೊಣಕೈಯ ನೋವಿಗೆಲ್ಲ ಶಸ್ತ್ರವೇ ಮದ್ದಲ್ಲ. ಹೊರಬದಿಯ ಹುರಿಗಳು ಸವೆದು ಬರುವ ‘ಟೆನಿಸ್ ಎಲ್ಬೊ’ ಹೆಚ್ಚಿನವರಲ್ಲಿ ವಿಶ್ರಾಂತಿ, ವ್ಯಾಯಾಮಗಳಿಂದಲೇ ಕಾಲಕ್ರಮದಲ್ಲಿ ಗುಣವಾಗುತ್ತದೆ.

ಹೊಲಿಗೆ ಮುಗಿದರೆ ಅರ್ಧ ಕೆಲಸ ಮುಗಿದಂತೆ. ಉಳಿದರ್ಧ ರೋಗಿಯದು. ಕೆಲಕಾಲ ಪಟ್ಟಿಯ ಆಸರೆ. ಬಳಿಕ ಕೈಯನ್ನು ಮೆಲ್ಲಮೆಲ್ಲನೆ ಚಾಚುವ ಅಭ್ಯಾಸ. ಸುಮಾರು ಮೂರು ತಿಂಗಳಾದ ಮೇಲೆ ಬಲ ಕೂಡಿಸುವ ವ್ಯಾಯಾಮ. ಭಾರದ ದುಡಿಮೆಗೆ ನಾಲ್ಕರಿಂದ ಆರು ತಿಂಗಳು ಬೇಕು. ಅವಸರಪಟ್ಟರೆ ಹೊಲಿಗೆ ಬಿಡುತ್ತದೆ. ಹೆದರಿ ಅಲುಗಾಡದಿದ್ದರೆ ಕೀಲು ಬಿಗಿಯುತ್ತದೆ.

ಈ ತಾಳ್ಮೆಗೆ ನಿದರ್ಶನ ನಮ್ಮ ನೆರೆಯಲ್ಲೇ ಇದೆ. ಭರ್ಜಿ ಎಸೆತಗಾರ ನೀರಜ್ ಚೋಪ್ರಾ ಅವರ ಬಲ ಮೊಣಕೈಗೆ 2019ರ ಮೇ ತಿಂಗಳಲ್ಲಿ ಮುಂಬಯಿಯಲ್ಲಿ ಶಸ್ತ್ರಕ್ರಿಯೆಯಾಯಿತು. ಕೆಟ್ಟದ್ದು ಹುರಿಯಲ್ಲ, ಎಲುಬು. ಆದರೆ ಚೇತರಿಕೆಯ ದಾರಿ ಅಷ್ಟೇ ದೀರ್ಘ. ದೋಹಾದ ವಿಶ್ವ ಸ್ಪರ್ಧೆ ಕೈತಪ್ಪಿತು. ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನ ಬಳಿಯ ಇನ್‌ಸ್ಪೈರ್ ಕ್ರೀಡಾ ಸಂಸ್ಥೆಯಲ್ಲಿಯೂ ಅವರು ಕೈಯನ್ನು ಪಳಗಿಸಿಕೊಂಡರು. 2020ರ ಜನವರಿಯಲ್ಲಿ ದಕ್ಷಿಣ ಆಫ್ರಿಕದಲ್ಲಿ ಭರ್ಜಿ 87.86 ಮೀಟರ್ ಹಾರಿತು. 2021ರ ಆಗಸ್ಟ್ 7ರಂದು ಟೋಕಿಯೊದಲ್ಲಿ 87.58 ಮೀಟರಿನ ಎಸೆತ ಚಿನ್ನ ತಂದಿತು.

ನಮ್ಮ ರೈತರಿಗೆ ಪದಕದ ಆಸೆಯಿರಲಿಲ್ಲ, ಬೀಗದ ಆಸೆಯಿತ್ತು. ತಡವಾಗಿದ್ದುದರಿಂದ ತೊಡೆಯ ಹುರಿಯೊಂದನ್ನು ತಂದು ಜೋಡಿಸಬೇಕಾಯಿತು. ಮೊನ್ನೆ ಅವರ ಮನೆಗೆ ಹೋದಾಗ ಬಲಗೈಯಿಂದಲೇ ಕೀಲಿ ತಿರುವಿ ಬಾಗಿಲು ತೆರೆದರು. ಚೀಲ ಎತ್ತುವ ಕೆಲಸ ಮಾತ್ರ ಈಗ ಮಗನದು.