ಮನೆಯಲ್ಲಿ ಕಟ್ಟಿದ ವಿಮಾನ ಮೊದಲು ಹಾರುವ ದಿನ

ಮನೆ ಕಟ್ಟುವುದರ ಕಷ್ಟವನ್ನು ನಮ್ಮ ವಾಚಕರಿಗೆ ಹೇಳಬೇಕಾದುದಿಲ್ಲ. ಆದರೆ ಕಾರು ನಿಲ್ಲಿಸುವ ಗ್ಯಾರೇಜಿನಲ್ಲೇ ವಿಮಾನವನ್ನು ಕಟ್ಟಿ, ತಾವೇ ಹಾರಿಸುವ ಗೃಹಸ್ಥರೂ ಲೋಕದಲ್ಲಿದ್ದಾರೆಂದರೆ ಹಲವರು ನಂಬಲಾರರು. ಅಮೆರಿಕದಲ್ಲಿ ಇದಕ್ಕೆ ಕಾನೂನಿನ ಒಪ್ಪಿಗೆಯೇ ಉಂಟು. ನಿರ್ಮಾಣದ ಅರ್ಧಕ್ಕಿಂತ ಹೆಚ್ಚಿನ ಪಾಲು ಹವ್ಯಾಸಿಗಳದೇ ಆಗಿರಬೇಕೆಂಬುದು ನಿಯಮ.

ಇಂಥ ವಿಮಾನಗಳಲ್ಲಿ ಹೆಸರಾದುದು, ಬರ್ಟ್ ರುಟಾನ್ ಎಂಬ ಇಂಜಿನಿಯರರು ಕ್ಯಾಲಿಫೋರ್ನಿಯಾದ ಮೊಹಾವೆಯಲ್ಲಿ ರೂಪಿಸಿದ, 1979ರಲ್ಲಿ ಮೊದಲು ಹಾರಿದ ‘ಲಾಂಗ್-ಈಜಿ’. ಅವರು ಮಾರಿದ್ದು ನಕ್ಷೆಗಳನ್ನು. ಸಾಮಗ್ರಿ ತರಿಸಿ ಕಟ್ಟುವ ಹೊಣೆ ಕೊಂಡವನದು. ಕಾಯಿಸಿದ ತಂತಿಯಿಂದ ಫೋಮನ್ನು ರೆಕ್ಕೆಯ ಆಕಾರಕ್ಕೆ ಕತ್ತರಿಸಿ, ಅದರ ಮೇಲೆ ಗಾಜಿನೆಳೆಯ ಬಟ್ಟೆಯನ್ನು ಹಾಸಿ, ಎಪಾಕ್ಸಿ ಅಂಟಿನಲ್ಲಿ ತೋಯಿಸಿ ಗಟ್ಟಿಯಾಗಲು ಬಿಡಬೇಕು. ಅಂಟು ಹೆಚ್ಚಾದರೆ ಭಾರ, ಕಡಿಮೆಯಾದರೆ ದೌರ್ಬಲ್ಯ. ಇದರ ಚಿಕ್ಕ ರೆಕ್ಕೆ ಮುಂದೆ, ದೊಡ್ಡದು ಹಿಂದೆ. ಎಂಜಿನ್ನು, ಪ್ರೊಪೆಲರ್‌ಗಳೂ ಹಿಂದೆಯೇ. ಚಾಲಕ ಕೂರದಿದ್ದರೆ ಮೂತಿ ಮೇಲೆದ್ದೀತೆಂದು ಮುಂದಿನ ಚಕ್ರವನ್ನು ಒಳಕ್ಕೆಳೆದು ನಿಲ್ಲಿಸುತ್ತಾರೆ. ಆಗ ಅದು ಮುಂಗಾಲು ಮಡಿಸಿದ ಎತ್ತಿನಂತೆ ಕಾಣುತ್ತದೆ.

ಮೊದಲ ಹಾರಾಟಕ್ಕೆ ಮುನ್ನ ನೆಲದ ಮೇಲಿನ ಕೆಲಸವೇ ಬಹಳ. ತೂಗಿ ಭಾರಕೇಂದ್ರವನ್ನು ಲೆಕ್ಕಹಾಕಬೇಕು. ಓಡುಹಾದಿಯ ಮೇಲೆ ಮೊದಲು ಮೆಲ್ಲಗೆ, ಬಳಿಕ ವೇಗವಾಗಿ ಓಡಿಸಿ ಬ್ರೇಕು, ಚುಕ್ಕಾಣಿಗಳನ್ನು ಪರೀಕ್ಷಿಸಬೇಕು. ಸಡಿಲವಾದ ಒಂದು ತಿರುಪು ಕಳಚಿದರೂ ಅದು ಹಿಂದಿನ ಪ್ರೊಪೆಲರಿಗೇ ಬಡಿಯಬಹುದು. ಪರೀಕ್ಷೆಯ ಅವಧಿಯಲ್ಲಿ ಪ್ರಯಾಣಿಕರನ್ನು ಕೂರಿಸಿಕೊಳ್ಳುವಂತಿಲ್ಲ. ವರ್ಷಗಟ್ಟಲೆ ಜೊತೆಗೆ ದುಡಿದ ಮಡದಿ ಮಕ್ಕಳಾದರೂ ಆ ದಿನ ಬೇಲಿಯಾಚೆಯೇ ನಿಲ್ಲಬೇಕು. ಈ ನಿಯಮ ನಮಗೆ ಕಠೋರವೆನಿಸಲಿಲ್ಲ.

ಏಕೆಂದರೆ ಕಟ್ಟಿದವನ ಕೈ ಮಾಡಿದ್ದು ಮೊದಲ ಹಾರಾಟದೊಡನೆ ಮುಗಿಯುವುದಿಲ್ಲ. ಗಾಯಕ ಜಾನ್ ಡೆನ್ವರ್ ಬೇರೊಬ್ಬರು ಕಟ್ಟಿದ ಲಾಂಗ್-ಈಜಿಯೊಂದನ್ನು ಕೊಂಡು, ಸ್ವಲ್ಪದರಲ್ಲೇ, 1997ರ ಅಕ್ಟೋಬರ್ 12ರಂದು ಮಾಂಟೆರೆ ಕೊಲ್ಲಿಯಲ್ಲಿ ಬಿದ್ದು ಮೃತರಾದರು. ಇಂಧನದ ತೊಟ್ಟಿಯನ್ನು ಬದಲಿಸುವ ಹಿಡಿಯನ್ನು ನಕ್ಷೆಯಲ್ಲಿದ್ದ ಜಾಗ ಬಿಟ್ಟು, ಚಾಲಕನ ಎಡಭುಜದ ಹಿಂದೆ ಕೂರಿಸಲಾಗಿತ್ತು. ಅದಕ್ಕಾಗಿ ಹೊರಳಿದಾಗ ಬಲಗಾಲು ಅರಿಯದೇ ಚುಕ್ಕಾಣಿಯನ್ನು ಒತ್ತಿತೆಂದು ತನಿಖೆ ನಿರ್ಣಯಿಸಿತು. ಹೊರಡುವ ಮೊದಲು ಇಂಧನವನ್ನು ಸರಿಯಾಗಿ ನೋಡಿಕೊಳ್ಳದ ಲೋಪವನ್ನೂ ಅದು ಹೇಳದೆ ಬಿಡಲಿಲ್ಲ.

ಇದೇ ರುಟಾನರ ವಿನ್ಯಾಸ ನಮ್ಮ ಬೆಂಗಳೂರಿಗೂ ಬಂದಿತ್ತೆಂಬುದು ಅನೇಕರಿಗೆ ತಿಳಿಯದು. ಅದನ್ನಾಧರಿಸಿ, ಪ್ರೊ. ರುಸ್ತುಂ ದಮಾನಿಯಾ ಅವರ ನೇತೃತ್ವದಲ್ಲಿ, ಇಲ್ಲಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದವರು ಒಂದು ಪುಟ್ಟ ಸಂಶೋಧನಾ ವಿಮಾನವನ್ನು ಕಟ್ಟಿ 1987ರಲ್ಲಿ ಹಾರಿಸಿದರು. ದಮಾನಿಯಾ ಅವರು 2001ರಲ್ಲಿ ತೀರಿಕೊಂಡರು. ಆ ವಿಮಾನದಿಂದ ಬೆಳೆದುಬಂದ ರಕ್ಷಣಾ ವಿಮಾನಕ್ಕೆ ಅವರ ಹೆಸರನ್ನೇ ಇಟ್ಟರು. ‘ರುಸ್ತುಂ-1’ 2009ರ ನವೆಂಬರಿನಲ್ಲಿ ಹೊಸೂರಿನ ಬಳಿ ಮೊದಲ ಯತ್ನದಲ್ಲೇ ನೆಲಕ್ಕೆ ಬಿದ್ದಿತು. 2010ರ ಅಕ್ಟೋಬರಿನಲ್ಲಿ ಅಲ್ಲಿಯೇ ಮೇಲೇರಿ, ಸುಮಾರು ಅರ್ಧ ಗಂಟೆ ಹಾರಿ ಕ್ಷೇಮವಾಗಿ ಇಳಿಯಿತು. ಅದರೊಳಗೆ ಚಾಲಕನಿರಲಿಲ್ಲ.