‘ಮೈಕ್ರೋ’ ಅಂದ್ರೆ ಎಷ್ಟು ಸಣ್ಣದು?

ಹೋದ ಸೆಮಿಸ್ಟರಿನಲ್ಲಿ ನಮ್ಮ ಹಾಸ್ಟೆಲಿನ ಗೆಳೆಯನೊಬ್ಬನ ರಕ್ತಪರೀಕ್ಷೆಯ ರಿಪೋರ್ಟ್ ಬಂತು. ಅದರಲ್ಲಿ ‘ಮೈಕ್ರೋಸೈಟಿಕ್ ಅನೀಮಿಯಾ’ ಅಂತ ಇತ್ತು. ನಮಗೆ ಗೊತ್ತಿದ್ದದ್ದು ಮೈಕ್ರೋಬ್ ಒಂದೇ. ರಕ್ತಕ್ಕೆ ಏನೋ ಕ್ರಿಮಿ ಸೇರಿದೆ ಅಂತ ನಾವೇ ತೀರ್ಮಾನ ಮಾಡಿ ಅವನನ್ನೂ ಹೆದರಿಸಿಬಿಟ್ಟೆವು. ಡಾಕ್ಟರು ಬಿಡಿಸಿ ಹೇಳಿದ ಮೇಲೆ ಗೊತ್ತಾಯ್ತು, ಇದಕ್ಕೂ ಕ್ರಿಮಿಗೂ ಸಂಬಂಧವೇ ಇಲ್ಲ. ‘ಸೈಟ್’ ಅಂದ್ರೆ ಜೀವಕೋಶ. ಅವನ ಕೆಂಪು ರಕ್ತಕಣಗಳು ಇರಬೇಕಾದ್ದಕ್ಕಿಂತ ಸಣ್ಣದಾಗಿವೆ ಅಂತಷ್ಟೇ ಅದರ ಅರ್ಥ.

ಎಂಜಿನಿಯರಿಂಗ್ ಓದೋ ನಮಗೆ ಮೈಕ್ರೋ ಒಂದು ಸಂಖ್ಯೆ: ಹತ್ತು ಲಕ್ಷದಲ್ಲಿ ಒಂದು ಪಾಲು. ಆ ಲೆಕ್ಕದಲ್ಲಿ ಆರೋಗ್ಯವಂತರ ರಕ್ತಕಣವೂ ಮೈಕ್ರೋನೇ, ಅದರ ಅಗಲ ಸುಮಾರು 7ರಿಂದ 8 ಮೈಕ್ರೋಮೀಟರ್! ವೈದ್ಯರ ಬಾಯಲ್ಲಿ ಅದು ಹೆಚ್ಚಾಗಿ ಹೋಲಿಕೆಯ ಮಾತು, ‘ಸಹಜ ಅಳತೆಗಿಂತ ಸಣ್ಣದು’ ಅಂತ. ದೊಡ್ಡವರಲ್ಲಿ ಕೆಂಪುಕಣದ ಸರಾಸರಿ ಗಾತ್ರ 80 ಫೆಮ್ಟೋಲೀಟರಿಗಿಂತ ಕಡಿಮೆಯಾದರೆ ಮೈಕ್ರೋಸೈಟಿಕ್ ಅಂತಾರೆ. ಯಾಕೆ ಸಣ್ಣದಾಯ್ತು ಅನ್ನೋದನ್ನು ಆ ಹೆಸರು ಹೇಳೋದಿಲ್ಲ. ಕಬ್ಬಿಣದ ಕೊರತೆ ಇರಬಹುದು, ಅಪ್ಪ-ಅಮ್ಮನಿಂದ ಬಂದ ಥಲಸ್ಸೀಮಿಯಾ ಜೀನ್ ಇರಬಹುದು. ಎರಡನೆಯದಕ್ಕೆ ಕಬ್ಬಿಣದ ಮಾತ್ರೆ ಮದ್ದಲ್ಲ. ಹಾಗಾಗಿ ರಿಪೋರ್ಟ್ ನೋಡಿದ ಕೂಡಲೇ ಮೆಡಿಕಲ್ ಶಾಪಿಗೆ ಓಡೋದು ಸರಿಯಲ್ಲ.

‘ಮೈಕ್ರೋಸೆಫಲಿ’ಯೂ ಹೀಗೇ. ಸೆಫಲಿ ಅಂದ್ರೆ ತಲೆ. ಇದನ್ನು ಅಳೆಯಲು ಸೂಕ್ಷ್ಮದರ್ಶಕ ಬೇಡ, ಟೇಪ್ ಸಾಕು. ಅದೇ ವಯಸ್ಸಿನ, ಅದೇ ಲಿಂಗದ ಮಕ್ಕಳ ಸರಾಸರಿಗಿಂತ ತಲೆಯ ಸುತ್ತಳತೆ ಎರಡು ಸ್ಟ್ಯಾಂಡರ್ಡ್ ಡೀವಿಯೇಷನ್‌ಗೂ ಹೆಚ್ಚು ಕಡಿಮೆಯಿದ್ದರೆ ಈ ಹೆಸರು. 2015ರಲ್ಲಿ ಬ್ರೆಜಿಲ್‌ನಲ್ಲಿ ಜೀಕಾ ವೈರಸ್ ಹಬ್ಬಿದಾಗ ಪತ್ರಿಕೆಗಳಲ್ಲೆಲ್ಲ ಕಂಡ ಪದ ಇದೇ. ಮ್ಯಾಥ್ಸ್ ಪೇಪರಿನಲ್ಲಿ ನಾವು ಗೊಣಗಿಕೊಂಡು ಕಲಿತ ಸಿಗ್ಮಾ ಎಲ್ಲೆಲ್ಲಿ ಬರುತ್ತೆ ನೋಡಿ.

ನಮ್ಮನ್ನು ಹೆಚ್ಚು ದಾರಿ ತಪ್ಪಿಸಿದ್ದು ‘ಮೈಕ್ರೋಆಲ್ಬುಮಿನೂರಿಯಾ’. ಸಕ್ಕರೆ ಕಾಯಿಲೆ ಇರುವವರ ಮೂತ್ರಪರೀಕ್ಷೆಯಲ್ಲಿ ಬರುವ ಪದ. ಆಲ್ಬುಮಿನ್ ಅನ್ನೋ ಪ್ರೋಟೀನೇ ಪುಟ್ಟದು ಅಂದುಕೊಂಡಿದ್ದೆವು. ಅಣು ಅಷ್ಟೇ ಇರುತ್ತೆ, ಸೋರಿಹೋಗುವ ಪ್ರಮಾಣ ಮಾತ್ರ ಸಣ್ಣದು, ದಿನಕ್ಕೆ 30ರಿಂದ 300 ಮಿಲಿಗ್ರಾಂ. ಇಲ್ಲಿ ಮೈಕ್ರೋಗ್ರಾಂ ಕೂಡ ಇಲ್ಲ! ಸಣ್ಣದು ಅಂತ ಕಡೆಗಣಿಸುವ ಹಾಗೂ ಇಲ್ಲ, ಯಾಕಂದ್ರೆ ಮೂತ್ರಪಿಂಡ ಹಾಳಾಗುತ್ತಿರುವುದಕ್ಕೆ ಇದು ಮೊದಮೊದಲ ಸುಳಿವು.

ಮೈಕ್ರೋ ನಿಜಕ್ಕೂ ಸಂಖ್ಯೆಯಾಗೋದು ಔಷಧಿಯ ತೂಕದಲ್ಲಿ. ಥೈರಾಯ್ಡ್ ಮಾತ್ರೆ 50 ಮೈಕ್ರೋಗ್ರಾಂ ಇರುತ್ತೆ. ನಾವು ಲ್ಯಾಬ್ ರೆಕಾರ್ಡಿನಲ್ಲಿ ಬರೆಯುವ ‘ಮ್ಯೂ’ ಚಿಹ್ನೆಯನ್ನು ಚೀಟಿಯಲ್ಲಿ ಗೀಚಿದರೆ ಮಿಲಿಯ ‘ಎಂ’ ಥರ ಕಾಣಬಹುದು, ಡೋಸ್ ಸಾವಿರ ಪಟ್ಟು ತಪ್ಪಬಹುದು. ಅದಕ್ಕೇ ಅಲ್ಲಿ ‘ಎಂಸಿಜಿ’ ಅಂತ ಬರೆಯೋದು ಸುರಕ್ಷಿತ.

ಇನ್ನು ಕೆಲವು ಪದಗಳಲ್ಲಿ ಸಣ್ಣತನ ಬಾಲದಲ್ಲಿ ಕೂತಿರುತ್ತೆ. ಬ್ರಾಂಕಸ್‌ನ ಸಣ್ಣ ಕವಲು ಬ್ರಾಂಕಿಯೋಲ್, ಆರ್ಟರಿಯ ಸಣ್ಣ ಕವಲು ಆರ್ಟೀರಿಯೋಲ್. ಗಂಟಲಲ್ಲಿ ನೇತಾಡುವ ಯೂವುಲಾಗೆ ಲ್ಯಾಟಿನ್‌ನಲ್ಲಿ ‘ಪುಟ್ಟ ದ್ರಾಕ್ಷಿ’ ಅಂತ ಅರ್ಥ. ನಮ್ಮವರು ಅದನ್ನು ಕಿರುನಾಲಿಗೆ ಅಂದರು.

ಕಣ್ಣಿನ ‘ಪ್ಯೂಪಿಲ್’ ಮಾತ್ರ ನಮಗೆ ತುಂಬ ಇಷ್ಟವಾಯ್ತು. ಅದರ ಲ್ಯಾಟಿನ್ ಮೂಲದ ಅರ್ಥ ಪುಟ್ಟ ಗೊಂಬೆ. ಕನ್ನಡದಲ್ಲಿ ಅದು ಕಣ್ಣಿನ ಪಾಪೆ, ಪಾಪೆ ಅಂದ್ರೂ ಗೊಂಬೆಯೇ. ಎದುರು ಕೂತವರ ಕಣ್ಣೊಳಗೆ ಒಮ್ಮೆ ಇಣುಕಿ ನೋಡಿ, ನಿಮ್ಮದೇ ಒಂದು ಪುಟಾಣಿ ಬಿಂಬ ಕಾಣುತ್ತೆ.